ಬರ್ದಿಯಾಕ್ಕೆ ಯಾರು ಹೋಗುತ್ತಾರೆ?

ಮಾನವ ಹಕ್ಕುಗಳ ಇಂಟರ್ನ್‌ಶಿಪ್ ಎಂದೊಡನೆ ನಮ್ಮ ಕಾನೂನು ವಿದ್ಯಾರ್ಥಿಗಳ ಕಣ್ಣು ಹೋಗುವುದು ಜಿನೀವಾ, ಹೇಗ್ ಕಡೆಗೆ. ನೇಪಾಳದ ಬರ್ದಿಯಾ ಜಿಲ್ಲೆಗಾದರೆ ನಮಗೆ ವೀಸಾ ಕೂಡ ಬೇಡ.

1996ರಿಂದ 2006ರವರೆಗಿನ ಅಂತರ್ಯುದ್ಧದಲ್ಲಿ ಅತಿ ಹೆಚ್ಚು ಜನ ಕಣ್ಮರೆಯಾದದ್ದು ಅಲ್ಲೇ. ಬಹುಪಾಲು ಥಾರು ಸಮುದಾಯದವರು. ಹೆಚ್ಚಿನವರನ್ನು ಹಿಡಿದೊಯ್ದದ್ದು ಭದ್ರತಾ ಪಡೆಗಳು, ಕೆಲವರನ್ನು ಮಾವೋವಾದಿಗಳು. ಕಣ್ಮರೆಯಾದವರ ಮನೆಯವರೇ ಕೂಡಿ ಸಂಘ ಕಟ್ಟಿಕೊಂಡಿದ್ದಾರೆ. ಇಂಥ ಕಡೆ ರಜೆಯಲ್ಲಿ ಬಂದಿಳಿಯುವ ವಿದೇಶಿ ವಿದ್ಯಾರ್ಥಿಗೆ ಹೇಳಿಕೆ ದಾಖಲಿಸುವ ಹುಮ್ಮಸ್ಸು. ಭಾಷೆ ಬಾರದು, ಅದಿರಲಿ. ಗಂಡನನ್ನು ಎಳೆದೊಯ್ದ ರಾತ್ರಿಯನ್ನು ಪೊಲೀಸರಿಗೆ, ಆಯೋಗಕ್ಕೆ, ಪತ್ರಕರ್ತರಿಗೆ ಹೇಳಿ ಹೇಳಿ ಸೋತ ಹೆಂಗಸು ಪ್ರತಿವರ್ಷ ಹೊಸ ಮುಖದೆದುರು ಮತ್ತೆ ಯಾಕೆ ಅಳಬೇಕು?

ನಿಜಕ್ಕೂ ಉಪಯೋಗಕ್ಕೆ ಬರುವುದು ಸಪ್ಪೆ ಕೆಲಸ: ದಾನಿ ಸಂಸ್ಥೆಗೆ ಇಂಗ್ಲಿಷ್ ವರದಿ, ಖರ್ಚುವೆಚ್ಚದ ಎಕ್ಸೆಲ್, ಹಳೇ ಅರ್ಜಿಗಳ ಸ್ಕ್ಯಾನಿಂಗ್. 2015ರಲ್ಲಿ ಕಣ್ಮರೆಯಾದವರ ತನಿಖಾ ಆಯೋಗ ರಚನೆಯಾದ ಮೇಲಂತೂ ದೂರಿನ ಪ್ರತಿ ಇಟ್ಟುಕೊಂಡವರೇ ಜಾಣರು.

ಹಿಂದಿ ಬಲ್ಲ ನಮ್ಮ ಹುಡುಗ ಹುಡುಗಿಯರಿಗೆ ಬರ್ದಿಯಾ ಇರುವ ತರಾಯಿ ಬಯಲಿನಲ್ಲಿ ಹೇಗೋ ಮಾತು ನಡೆಯುತ್ತದೆ. ಹೋಗುವುದಾದರೆ ಆರು ತಿಂಗಳಾದರೂ ಇರಲಿ. ಆರೇ ವಾರಕ್ಕಾದರೆ ಅವರಿಗೆ ಕೆಲಸ ಕಲಿಸುವ ಹೊರೆಯ ಜೊತೆಗೆ ದಾಲ್-ಭಾತ್ ಖರ್ಚೂ ಸಂಘದ ತಲೆಗೇ ಬಿದ್ದೀತು.