ಒಲೆಯ ಮುಂದಿನ ಪಾಠ

ಮಕ್ಕಳಿಗೆ ಓದು ಬರಹ ಕಲಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ತಟ್ಟೆಗೆ ಬಂದ ರೊಟ್ಟಿ ಯಾರ ಕೈಯಿಂದ, ಎಷ್ಟು ಹೊತ್ತಿನ ದುಡಿಮೆಯಿಂದ ಬಂದಿತೆಂಬುದನ್ನು ಅರಿಯದೆ ಮಗು ಬೆಳೆದರೆ, ಅದು ಪಡೆದ ವಿದ್ಯೆಯಲ್ಲಿ ಕೊರತೆಯೊಂದು ಉಳಿದೇ ಉಳಿಯುತ್ತದೆ. ಈ ಕೊರತೆಯನ್ನು ತುಂಬುವ ಯತ್ನ ಹೊಸದೇನಲ್ಲ. ಗಾಂಧೀಜಿಯವರು 1910ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ನಗರದ ಸಮೀಪದಲ್ಲಿ ಆರಂಭಿಸಿದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಆಳುಗಳಿರಲಿಲ್ಲ. ಅಡಿಗೆಯಿಂದ ಹಿಡಿದು ಕಸ ಬಳಿಯುವವರೆಗಿನ ಕೆಲಸಗಳನ್ನೆಲ್ಲ ಅಲ್ಲಿಯ ನಿವಾಸಿಗಳೇ ಮಾಡುತ್ತಿದ್ದರು, ಮಕ್ಕಳೂ ಜೊತೆಗೂಡುತ್ತಿದ್ದರು. ಶಿಕ್ಷಕರು ತಾವು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದೆಂಬುದು ಅಲ್ಲಿಯ ಕಟ್ಟಳೆಯಾಗಿತ್ತು. ಮುಂದೆ 1937ರ ವಾರ್ಧಾ ಸಮ್ಮೇಳನದಲ್ಲಿ ರೂಪು ತಳೆದ ಮೂಲಶಿಕ್ಷಣ ಪದ್ಧತಿಯು ಕೈಗೆಲಸವನ್ನು ಪಾಠದ ನಡುವಿಗೇ ತಂದಿತು.

ಜೋಳದ ನಾಡಿನ ಒಂದು ಊರಿನಲ್ಲಿ ಶಿಕ್ಷಕಿಯೊಬ್ಬರು ಶಾಲೆಯ ವೇಳೆ ಮುಗಿದ ಮೇಲೆ ನಡೆಸುವ ಮಕ್ಕಳ ಅಡಿಗೆ ಸಂಘವು ಈ ದಾರಿಯಲ್ಲಿಟ್ಟ ಒಂದು ಚಿಕ್ಕ ಹೆಜ್ಜೆ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ತಾಸು, ಒಂದೇ ಒಂದು ತಿನಿಸು. ಗಂಡುಮಕ್ಕಳೂ ಹೆಣ್ಣುಮಕ್ಕಳೂ ಕೂಡಿ 24 ಜನ. ಮೊದಲ ತಿಂಗಳು ಒಲೆಯ ಮಾತೇ ಇಲ್ಲ. ಕೈ ತೊಳೆಯುವುದು, ಹೆಸರುಬೇಳೆ ನೆನೆಹಾಕುವುದು, ಸೌತೆಕಾಯಿ ಹೆಚ್ಚಿ ಕೋಸಂಬರಿ ಮಾಡುವುದು, ಮಡಕೆಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು, ಇಷ್ಟೇ. ಕಾಳಿನ ಮೇಲೆ ನಿಂಬೆಹಣ್ಣು ಹಿಂಡುವುದು ರುಚಿಗಷ್ಟೇ ಅಲ್ಲ, ಕಾಳಿನಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಹತ್ತಲು ಅದರ ‘ಸಿ’ ಜೀವಸತ್ವ ನೆರವಾಗುತ್ತದೆ ಎಂಬುದನ್ನು ಮಕ್ಕಳು ತಿನ್ನುತ್ತಲೇ ಕಲಿಯುತ್ತಾರೆ.

ಎರಡನೆಯ ತಿಂಗಳು ಬೆಂಕಿಯ ಪಾಠ. ಶಿಕ್ಷಕಿ ಎದುರಿಗಿಲ್ಲದೆ ಒಲೆ ಹೊತ್ತಿಸಕೂಡದು. ಜೋಲಾಡುವ ನೈಲಾನ್ ಬಟ್ಟೆ ತೊಟ್ಟವರು ಒಲೆಯ ಹತ್ತಿರ ಬರಕೂಡದು. ಅಡಿಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮಟ್ಟದಲ್ಲಿಯೇ ಹರಡಿ ನಿಲ್ಲುತ್ತದೆ. ವಾಸನೆ ಬಂದೊಡನೆ ಕದ ಕಿಟಕಿ ತೆರೆಯಬೇಕೇ ಹೊರತು ದೀಪದ ಗುಂಡಿ ಮುಟ್ಟಬಾರದು. ಕೈ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಬೇಕು; ಎಣ್ಣೆ, ಶಾಯಿ ಏನನ್ನೂ ಹಚ್ಚಬಾರದು. ಈ ನಿಯಮಗಳನ್ನು ಬಾಯಿಪಾಠ ಒಪ್ಪಿಸಿದವರಿಗೆ ಮಾತ್ರ ಇಕ್ಕಳ ಕೈಗೆ ಬರುತ್ತದೆ.

ಗಣಿತವೂ ಅಲ್ಲಿ ತಾನಾಗಿಯೇ ಬರುತ್ತದೆ. ನಾಲ್ವರಿಗೆ ಒಂದು ಪಾವು ಅಕ್ಕಿ, ಎರಡು ಪಾವು ನೀರು. 24 ಜನಕ್ಕೆ ಎಷ್ಟು? ಮಕ್ಕಳು ತ್ರೈರಾಶಿಕ ಹಾಕಿ 6 ಪಾವು ಅಕ್ಕಿಗೆ 12 ಪಾವು ನೀರು ಇಟ್ಟರು. ಅನ್ನ ಮುದ್ದೆಯಾಯಿತು. ಅಕ್ಕಿ ಆರು ಪಟ್ಟಾದರೂ ಪಾತ್ರೆಯ ಬಾಯಿ ಆರು ಪಟ್ಟಾಗುವುದಿಲ್ಲ, ಆದುದರಿಂದ ಆವಿಯಾಗಿ ಹೋಗುವ ನೀರೂ ಆರು ಪಟ್ಟಾಗುವುದಿಲ್ಲ ಎಂಬ ಕಾರಣವನ್ನು ಅವರು ತಾವೇ ಹುಡುಕಿ ತೆಗೆದರು. ಮುದ್ದೆಯಾದ ಅನ್ನಕ್ಕೆ ಮೊಸರು ಕಲಸಿ ಉಂಡರು.

ಆದರೆ ಶಿಕ್ಷಕಿಗೆ ನಿಜವಾದ ಪರೀಕ್ಷೆ ಎದುರಾದುದು ರೊಟ್ಟಿಯ ಪಾಠದಲ್ಲಿ. ಆರನೆಯ ತರಗತಿಯ ಒಬ್ಬ ಹುಡುಗಿ ಎರಡು ವಾರ ಬಂದು ಆಮೇಲೆ ನಿಂತುಬಿಟ್ಟಳು. ವಿಚಾರಿಸಿದಾಗ, ತಾಯಿ ಕೂಲಿಯಿಂದ ಮರಳುವುದರೊಳಗೆ ಮನೆಯ ರೊಟ್ಟಿಯನ್ನೆಲ್ಲ ಆಕೆಯೇ ಬಡಿಯಬೇಕೆಂದು ತಿಳಿಯಿತು. “ಮನಿಯಾಗ ಮಾಡೂದನ್ನ ಸಾಲಿಯಾಗೂ ಯಾಕ ಮಾಡಬೇಕ್ರಿ, ಅಕ್ಕೋರ?” ಎಂದು ಆ ಹುಡುಗಿ ಕೇಳಿದಳು.

ಈ ಪ್ರಶ್ನೆಗೆ ಶಿಕ್ಷಕಿಯ ಬಳಿ ಒಡನೆಯೇ ಉತ್ತರವಿರಲಿಲ್ಲ. ಕೆಲವು ಮಕ್ಕಳಿಗೆ ಆಟವಾಗಿರುವ ಅಡಿಗೆಯು ಇನ್ನು ಕೆಲವು ಮಕ್ಕಳ ಆಟವನ್ನೇ ಕಸಿದುಕೊಂಡಿದೆ ಎಂಬುದು ಅಂದು ಅವರಿಗೆ ಮನದಟ್ಟಾಯಿತು. ಸಂಘದ ದಿನಗಳಲ್ಲೊಂದನ್ನು ಅವರು ಶನಿವಾರಕ್ಕೆ, ಮುಂಜಾನೆಯ ಶಾಲೆ ಬಿಟ್ಟ ಮೇಲಿನ ಹೊತ್ತಿಗೆ ಬದಲಿಸಿದರು. ಮನೆಯಲ್ಲಿ ದುಡಿಯುವ ಮಕ್ಕಳು ಇಲ್ಲಿ ದುಡಿಯಬೇಕಾಗಿಲ್ಲ, ಅವರು ಕಲಿಸಬೇಕು ಮತ್ತು ಮೊದಲ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು ಎಂದು ಗೊತ್ತುಮಾಡಿದರು. ಹುಡುಗಿ ಮರಳಿ ಬಂದಳು. ಗಂಡುಮಕ್ಕಳು ಬಡಿದ ರೊಟ್ಟಿ ಅಂಚೆಲ್ಲ ಸೀಳಿ ಪರಾತದಲ್ಲೇ ಹರಿದಾಗ, “ಎಸರು ಕುದ್ದಿಲ್ಲ” ಎಂದು ಒಂದೇ ಮಾತಿನಲ್ಲಿ ತೀರ್ಪಿತ್ತಳು. ಗೋಧಿಯಲ್ಲಿರುವಂತೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿಲ್ಲ. ಕುದಿಯುವ ಎಸರು ಬಿದ್ದಾಗಲೇ ಅದರ ಪಿಷ್ಟ ಉಬ್ಬಿ ಅಂಟು ಬರುತ್ತದೆ ಎಂದು ಶಿಕ್ಷಕಿ ವಿವರಿಸಿದರು. ಆಕೆಯ ಕೈ ಬಲ್ಲುದನ್ನೇ ವಿಜ್ಞಾನವೂ ಹೇಳಿತು.

ಆಕ್ಷೇಪಗಳೂ ಬಾರದಿರಲಿಲ್ಲ. ಒಬ್ಬ ಪಾಲಕರು ಬಂದು, “ರೊಟ್ಟಿ ಬಡಿಯೂದು ಕಲೀಲಿಕ್ಕೆ ನಮ್ಮ ಹುಡುಗನ್ನ ಸಾಲಿಗೆ ಕಳಿಸಿಲ್ರಿ, ಅಕ್ಕೋರ” ಎಂದರು.

“ನೀವು ಧಾರವಾಡದಾಗ ಓದುವಾಗ ಊಟಕ್ಕ ಏನ ಮಾಡ್ತಿದ್ರಿ?”

“ಊರಿಂದ ಬಸ್ಸಿನ್ಯಾಗ ಬುತ್ತಿ ಬರ್ತಿತ್ರಿ.”

“ಕಟ್ಟಿ ಕಳಸವ್ರು ಯಾರ್ರಿ?”

“ನಮ್ಮವ್ವ.” ಅವರು ಕೊಂಚ ಹೊತ್ತು ಸುಮ್ಮನಿದ್ದು ಹೇಳಿದರು: “ನಸುಕಿನ್ಯಾಗ ಎದ್ದು ಕಟ್ಟತಿದ್ಲು. ಒಂದು ದಿನಾನೂ ತಪ್ಪಿಸಲಿಲ್ಲ.”

ಮುಂದಿನ ಶನಿವಾರ ಅವರ ಮಗ ಎಂದಿನಂತೆ ಸಂಘಕ್ಕೆ ಬಂದ.

ಸುಗ್ಗಿಯಲ್ಲಿ ಮಠಗಳ ದಾಸೋಹಕ್ಕೆ ಚೀಲಗಟ್ಟಲೆ ಜೋಳ ಸಲ್ಲಿಸುವ ಸತ್ಸಂಪ್ರದಾಯ ಈ ನಾಡಿನಲ್ಲಿದೆ. ಚೀಲದಿಂದ ತಟ್ಟೆಯವರೆಗಿನ ದಾರಿಯನ್ನು ಮಕ್ಕಳು ಒಮ್ಮೆಯಾದರೂ ನಡೆದು ನೋಡಿದರೆ ದಾನದ ಬೆಲೆಯೂ ದುಡಿಮೆಯ ಬೆಲೆಯೂ ಅವರಿಗೆ ಒಟ್ಟಿಗೆ ತಿಳಿದೀತು. ಪ್ರಸಾದ ನಿಲಯದ ಅಡಿಗೆಯ ಹೊರೆಯನ್ನು ಮಕ್ಕಳ ಮೇಲೆ ಹೊರಿಸಬೇಕೆಂದು ಇದರ ಅರ್ಥವಲ್ಲ. ಕಲಿಕೆಗೂ ಚಾಕರಿಗೂ ನಡುವಿನ ಗೆರೆಯನ್ನು ಹಿರಿಯರು ಅಳಿಸಬಾರದು. ಮಕ್ಕಳ ಎತ್ತರಕ್ಕೆ ತಕ್ಕ ಕಟ್ಟೆ, ನಾಲ್ಕು ಪರಾತ, ಎರಡು ಹಂಚು, ಧಾರಾಳವಾಗಿ ನೀರು, ಇಷ್ಟಿದ್ದರೆ ಇಂತಹ ಸಂಘ ಎಲ್ಲಿಯೂ ನಡೆದೀತು.

ಆ ಹುಡುಗಿಯ ಮನೆಯ ಒಲೆ ಇನ್ನೂ ಆಕೆಯನ್ನು ಬಿಟ್ಟಿಲ್ಲ. ಆದರೆ ನಾಲ್ಕನೆಯ ತರಗತಿಯ ಅವಳ ತಮ್ಮನೂ ಈಗ ಸಂಘಕ್ಕೆ ಸೇರಿದ್ದಾನೆ. ಎಸರು ಇಡುವಾಗ ಅಕ್ಕನ ಬದಿಗಿರುವುದು, ಊಟದ ನಂತರ ಪಾತ್ರೆ ತೊಳೆಯುವುದು ಅವನ ಪಾಲಿಗೆ ಬಂದಿವೆ. ಅಷ್ಟರಮಟ್ಟಿಗೆ ಆಕೆಗೆ ಸಂಜೆ ಪುಸ್ತಕ ಹಿಡಿಯಲು ಬಿಡುವು ದೊರೆತಿದೆ.