ಊರ ಹೆಸರು, ಮಾಲಕರ ಕಂಪನಿ

1
ಬನಶಂಕರಿ ಜಾತ್ರೆ. ಬಾದಾಮಿಯ ಹತ್ತಿರ, ಚೊಳಚಗುಡ್ಡದ ಸೀಮೆ. ಬನದ ಹುಣ್ಣಿಮೆಗೆ ತೇರು. ತೇರಿಗೆ ಮೊದಲೇ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು ಎದ್ದಿರುತ್ತವೆ, ತೇರು ಮುಗಿದ ಮೇಲೂ ವಾರಗಟ್ಟಲೆ ನಿಲ್ಲುತ್ತವೆ. ಒಂದರ ಗೋಡೆಗೆ ಇನ್ನೊಂದರ ಗೋಡೆ. ಇಲ್ಲಿ ನಾಯಕಿ ಅಳುತ್ತಿದ್ದರೆ ಪಕ್ಕದ ತಗಡಿನಾಚೆ ಜನ ನಗುತ್ತಿರುತ್ತಾರೆ.

2
ಬೋರ್ಡಿನ ಮೇಲೆ ಊರ ಹೆಸರು ಇರಲೇಬೇಕು. ಕಮತಗಿ, ತಾಳಿಕೋಟೆ, ಗುಡಗೇರಿ. ಕಂಪನಿ ಆ ಊರಲ್ಲಿ ಇರುವುದು ಮಾತ್ರ ಅಪರೂಪ. ಇಲ್ಲಿ ಕ್ಯಾಂಪು ಮುಗಿದರೆ ಇನ್ನೊಂದು ಜಾತ್ರೆ, ಅದು ಮುಗಿದರೆ ಮತ್ತೊಂದು.

3
ಗೇಟಿನಲ್ಲಿ ಟಿಕೆಟ್ ಹರಿಯುವ ಹುಡುಗ. ಮೈಮೇಲೆ ತಿಳಿನೀಲಿ ಜೆರ್ಸಿ, ಎದೆಯ ಮೇಲೆ ಅಬುಧಾಬಿಯ ವಿಮಾನ ಕಂಪನಿಯ ಹೆಸರು. ಯಾವ ಟೀಮು ಎಂದು ಕೇಳಿದೆ. ‘ಗೊತ್ತಿಲ್ರಿ, ನೂರೈವತ್ತಕ್ಕ ಸಿಕ್ತು.’
‘ಮಾಲಕರು ಎಲ್ಲದಾರ?’
‘ಬಣ್ಣಾ ಹಚ್ಚಾಕತ್ತಾರ್ರಿ.’
ಪರದೆ ಎದ್ದಿತು. ಕುಡುಕನ ಪಾರ್ಟು ಮಾಡಿದವರೇ ಮಾಲಕರು. ಎರಡನೇ ಅಂಕದಲ್ಲಿ ಅವರ ಕಣ್ಣು ಎರಡು ಸಲ ಹಿಂದಿನ ಖಾಲಿ ಕುರ್ಚಿಗಳ ಕಡೆ ಹೋಯಿತು. ಮಾತು ತಪ್ಪಲಿಲ್ಲ.

4
ಈ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಇಂಗ್ಲೆಂಡಿನ ಸಣ್ಣ ಫುಟ್‌ಬಾಲ್ ಕ್ಲಬ್ಬುಗಳಿವೆ. ಬೇರೆ ಪುಸ್ತಕ ತರಬೇಕಿತ್ತು, ತರಲಿಲ್ಲ. ಹಾಗಾಗಿ ಎರಡೂ ಕೂಡಿಕೊಂಡಿವೆ.

5
ಗುಬ್ಬಿ ಕಂಪನಿ ಹುಟ್ಟಿದ್ದು 1884. ಮ್ಯಾಂಚೆಸ್ಟರಿನ ಮಗ್ಗುಲಿನ ಬೆರಿ ಕ್ಲಬ್ಬು 1885.

6
ಬೆರಿಯ ಕಥೆ. 1900 ಮತ್ತು 1903ರಲ್ಲಿ ಎಫ್‌ಎ ಕಪ್. ಎರಡನೆಯ ಫೈನಲ್ಲಿನಲ್ಲಿ ಡರ್ಬಿ ಕೌಂಟಿಯ ಮೇಲೆ 6–0. ಆಮೇಲೆ ನೂರು ವರ್ಷ ಕೆಳಗಿನ ದರ್ಜೆಗಳಲ್ಲೇ ಹೆಚ್ಚು. ಡಿಸೆಂಬರ್ 2018ರಲ್ಲಿ ಕ್ಲಬ್ಬು ಸಾಲಸಮೇತ ಮಾರಾಟವಾಯಿತು. ಬೆಲೆ ಒಂದು ಪೌಂಡು, ಅಂದಿನ ಲೆಕ್ಕಕ್ಕೆ ತೊಂಬತ್ತು ರೂಪಾಯಿ. ಜಾತ್ರೆಯಲ್ಲಿ ಮುಂದಿನ ಸಾಲಿನ ಕುರ್ಚಿಗೆ ಇದಕ್ಕಿಂತ ಹೆಚ್ಚು.
2019ರ ವಸಂತದಲ್ಲಿ ತಂಡ ಮೇಲಿನ ದರ್ಜೆಗೆ ಏರಿತು. ಆಗಲೇ ಆಟಗಾರರಿಗೆ ಸಂಬಳ ಬಾಕಿ. ಆಗಸ್ಟಿನಲ್ಲಿ ಮಾಜಿ ನಿರ್ದೇಶಕಿಯೊಬ್ಬರು ಸ್ಟೇಡಿಯಮ್ಮಿನ ಮಳೆನೀರಿನ ಪೈಪಿಗೆ ಕೈಕೋಳ ಹಾಕಿಕೊಂಡು ನಿಂತರು. ಆಗಸ್ಟ್ 27, ಲೀಗು ಕೊಟ್ಟ ಕಡೆಯ ಗಡುವು. ಅಂದು ಊರಿನ ನೂರಾರು ಮಂದಿ ಕಸಬರಿಗೆ, ಬಕೆಟ್ಟು ಹಿಡಿದು ಬಂದು ಕುರ್ಚಿ ಒರೆಸಿದರು, ಮುಂದಿನ ಪಂದ್ಯ ನಡೆಯಬಹುದೆಂದು. ರಾತ್ರಿ ಲೀಗು ಬೆರಿಯನ್ನು ಹೊರಹಾಕಿತು.
ಒರೆಸಿದ ಕುರ್ಚಿಗಳ ಮೇಲೆ ಆ ವಾರ ಯಾರೂ ಕೂರಲಿಲ್ಲ.

7
ಹುನಗುಂದದ ಬಸ್‌ಸ್ಟ್ಯಾಂಡು. ಒಂದೇ ಕಂಬಕ್ಕೆ ಎರಡು ಕಂಪನಿಗಳ ಪೋಸ್ಟರು. ಎರಡರಲ್ಲೂ ಒಬ್ಬಳೇ ನಟಿ. ಕಂಬದ ಬುಡದಲ್ಲಿ ಕೂತಿದ್ದ ಹಿರಿಯರ ವಿವರಣೆ: ‘ಅಡ್ವಾನ್ಸ್ ಇಬ್ಬರ ಕಡೆನೂ ತಗೊಂಡಿರ್ಬೇಕು.’

8
ಕಂಪನಿಯ ಮುಂಗಡದ ಪದ್ಧತಿ. ಸೀಜನ್ನಿಗೆ ಮೊದಲು ಕಲಾವಿದರಿಗೆ ಹಣ. ಆ ಹಣ ಮಾಲಕರು ಸಾಲ ತಂದದ್ದು. ಸಾಲ ತೀರಬೇಕಾದದ್ದು ಹುಣ್ಣಿಮೆಯ ಎಡಬಲದ ಕಲೆಕ್ಷನ್ನಿನಲ್ಲಿ. ಕೊರೊನಾ ವರ್ಷಗಳಲ್ಲಿ ಹುಣ್ಣಿಮೆ ಬಂತು, ಜಾತ್ರೆಗೆ ನಿರ್ಬಂಧ ಬಿತ್ತು.

9
ಪುಣೆಯ ಕೋಳಿ ವ್ಯಾಪಾರದ ಮನೆತನ, ವೆಂಕೀಸ್, ನವೆಂಬರ್ 2010ರಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಕೊಂಡಿತು. 1875ರ ಕ್ಲಬ್ಬು, 1995ರಲ್ಲಿ ಇಡೀ ದೇಶದ ಚಾಂಪಿಯನ್. ಮೇ 2012ರಲ್ಲಿ ವಿಗನ್ ವಿರುದ್ಧ ಸೋತು ಕೆಳದರ್ಜೆಗೆ ಇಳಿಯಿತು. ಆ ಪಂದ್ಯದಲ್ಲಿ ಯಾರೋ ಮೈದಾನಕ್ಕೆ ಜೀವಂತ ಕೋಳಿ ಬಿಟ್ಟರು. ಕೋಳಿಗೆ ಕ್ಲಬ್ಬಿನ ಬಾವುಟ ಹೊದಿಸಿದ್ದರು.
ಮುಂದೆ ಕ್ಲಬ್ಬಿಗೆ ದುಡ್ಡು ಕಳಿಸಲು ಮಾಲಕರು ದೆಹಲಿ ಹೈಕೋರ್ಟಿನ ಅನುಮತಿ ಕೇಳಬೇಕಾಯಿತು. ಲ್ಯಾಂಕಾಶೈರಿನ ಬೆಂಬಲಿಗರು ನಮ್ಮ ಕೋರ್ಟಿನ ವಾಯಿದೆ ದಿನಾಂಕಗಳನ್ನು ಕಾಯುತ್ತಿದ್ದರು.

10
ಕಂಪನಿ ಹೆಸರುಗಳಲ್ಲಿ ಊರಿನ ಜೊತೆ ದೇವರೋ ಗುರುವೋ ಇರುತ್ತಾರೆ. ಗುಬ್ಬಿಗೆ ಚನ್ನಬಸವೇಶ್ವರ, ಕಮತಗಿಗೆ ಹುಚ್ಚೇಶ್ವರ, ತಾಳಿಕೋಟೆಗೆ ಖಾಸ್ಗತೇಶ್ವರ. ಇಂಗ್ಲೆಂಡಿನಲ್ಲಿ ಎಷ್ಟೋ ಕ್ಲಬ್ಬುಗಳ ಎದೆಯ ಮೇಲೆ ಬೆಟ್ಟಿಂಗ್ ಕಂಪನಿಗಳು. ಪ್ರೀಮಿಯರ್ ಲೀಗಿನವರು ಅವನ್ನು ಎದೆಯಿಂದ ತೆಗೆಯಲು 2023ರಲ್ಲಿ ಒಪ್ಪಿದರು. ತೋಳಿನ ಮೇಲಿನವು ಇರಬಹುದಂತೆ.

11
ವಿಂಬಲ್ಡನ್ 1988ರಲ್ಲಿ ಕಪ್ ಗೆದ್ದ ಕ್ಲಬ್ಬು. 2002ರಲ್ಲಿ ಮೂವರ ಆಯೋಗವೊಂದು, ಕ್ಲಬ್ಬು ತೊಂಬತ್ತು ಕಿ.ಮೀ. ದೂರದ ಮಿಲ್ಟನ್ ಕೀನ್ಸಿಗೆ ಹೋಗಬಹುದು ಎಂದಿತು. ಬೆಂಬಲಿಗರು ಅದೇ ಬೇಸಿಗೆಯಲ್ಲಿ ಬಯಲಿನಲ್ಲಿ ಆಟಗಾರರನ್ನು ಆರಿಸಿ ತಮ್ಮದೇ ಕ್ಲಬ್ಬು ಕಟ್ಟಿದರು. ತಳದಿಂದ ಹತ್ತಿ 2011ರಲ್ಲಿ ಲೀಗು ಸೇರಿತು. 2020ರಲ್ಲಿ ಹಳೆಯ ಬೀದಿಗೇ, ಪ್ಲೋ ಲೇನಿಗೆ, ಮರಳಿತು.

12
ಬಾಗಲಕೋಟೆ. ಆಲಮಟ್ಟಿಯ ಹಿನ್ನೀರಿಗೆ ಊರಿನ ಒಂದು ಭಾಗ ಹೋಯಿತು. ಜನ ನವನಗರಕ್ಕೆ ಬಂದರು. ಓಣಿಗಳಿದ್ದವರಿಗೆ ಈಗ ಸೆಕ್ಟರ್ ನಂಬರು. ಹಳ್ಳಿಗಳೂ ಗುಡ್ಡದ ಮೇಲೆ ಪುನರ್ವಸತಿ ಕೇಂದ್ರಗಳಾದವು, ಹೆಸರು ಹಳೆಯವೇ. ಆಣೆಕಟ್ಟೆಯ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಬೇಕೆಂಬ ಮಾತು ಇನ್ನೂ ನಡೆದಿದೆ.
ನವನಗರದ ಆಟೋದವರು ‘ಊರಾಗ ಹೋಗ್ತೀರೇನ್ರಿ?’ ಅಂದರೆ ಹಳೇ ಬಾಗಲಕೋಟೆ.

13
ಕಾರ್ಡಿಫ್ ವೇಲ್ಸಿನದು, ಆಡುವುದು ಇಂಗ್ಲೆಂಡಿನ ಲೀಗಿನಲ್ಲಿ. ಬಣ್ಣ ನೀಲಿ, ಗುರುತು ನೀಲಿ ಹಕ್ಕಿ. 2012ರಲ್ಲಿ ಮಲೇಷಿಯಾದ ಮಾಲಕರು ಅಂಗಿಯನ್ನು ಕೆಂಪು ಮಾಡಿದರು, ಹಕ್ಕಿಯನ್ನು ಮೂಲೆಗೆ ಸರಿಸಿ ಡ್ರ್ಯಾಗನ್ ತಂದರು. ಮರುವರ್ಷವೇ ತಂಡ ಪ್ರೀಮಿಯರ್ ಲೀಗಿಗೆ ಏರಿತು. 2015ರ ಜನವರಿಯಲ್ಲಿ ನೀಲಿ ವಾಪಸು ಬಂತು. ಗೆದ್ದ ಬಣ್ಣವನ್ನು ಬೇಡವೆಂದವರ ಲೆಕ್ಕ ಪೂರ್ತಿ ತಿಳಿಯಲಿಲ್ಲ.

14
ಇಳಕಲ್. ಸೀರೆಯ ಒಡಲು ಯಾವ ಬಣ್ಣವಾದರೂ ಇರಲಿ, ತೋಪ್ ತೆನಿ ಸೆರಗು ಕೆಂಪು, ಅದರಲ್ಲಿ ಬಿಳಿ. ಊರ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆ ಇದೆ. ಮಗ್ಗದ ಮುಂದೆ ಕೂತವರಿಗೆ ಕೆಂಪು ಬೇಸರವಾಗುವುದಿಲ್ಲವೇ ಎಂದು ಕೇಳಿದೆ. ‘ಸೆರಗಿಗೆ ಇನ್ನ್ಯಾವ್ದು ಹಾಕೂದ್ರಿ?’

15
ಎಕ್ಸೆಟರ್ ಸಿಟಿ 2003ರಿಂದ ಬೆಂಬಲಿಗರ ಟ್ರಸ್ಟಿನದು.
ಗದುಗಿನ ಪುಣ್ಯಾಶ್ರಮಕ್ಕೂ ಒಂದು ನಾಟಕ ಕಂಪನಿ ಇತ್ತು. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, ಅಂಧ ಕಲಾವಿದರು ಆಡಿದ್ದು. ಪುಟ್ಟರಾಜ ಗವಾಯಿಗಳು ನಾಟಕ ಬರೆದರು, ಪಾತ್ರವನ್ನೂ ಮಾಡಿದರು. ಗೇಟಿನ ದುಡ್ಡು ಆಶ್ರಮದ ಮಕ್ಕಳ ಊಟಕ್ಕೆ.

16
ಜುಲೈ 2025, ಲಂಡನ್. ಫುಟ್‌ಬಾಲ್ ಆಡಳಿತಕ್ಕೆಂದೇ ಕಾಯ್ದೆ, ಅದಕ್ಕೊಂದು ಸ್ವತಂತ್ರ ನಿಯಂತ್ರಕ ಸಂಸ್ಥೆ. ಮೇಲಿನ ಐದು ದರ್ಜೆಗಳ ಕ್ಲಬ್ಬುಗಳಿಗೆ ಲೈಸೆನ್ಸ್. ಮಾಲಕರ ಹಣ ಎಲ್ಲಿಯದೆಂದು ವಿಚಾರಣೆ. ಅನುಮತಿಯಿಲ್ಲದೆ ಮೈದಾನ ಮಾರುವಂತಿಲ್ಲ. ಲಾಂಛನ, ಅಂಗಿಯ ಬಣ್ಣ ಬದಲಿಸಬೇಕಾದರೆ ಬೆಂಬಲಿಗರು ಹೂಂ ಅನ್ನಬೇಕು.
ಸಂಸತ್ತಿನಲ್ಲಿ ಅಂಗಿಯ ಬಣ್ಣ ಚರ್ಚೆಯಾದದ್ದನ್ನು ಓದಿ ಎರಡು ಸಲ ಗುರುತು ಹಾಕಿದ್ದೇನೆ. ಯಾಕೆಂದು ನೆನಪಿಲ್ಲ.

17
ಕಂಪನಿ ಮಾರಿದರೆ ಏನೇನು ಹೋಗುತ್ತದೆ? ಮ್ಯಾನೇಜರರು ಬೆರಳು ಮಡಚಿದರು. ಪರದೆ, ತಗಡು, ಕಬ್ಬಿಣದ ಆಂಗಲ್ಲು, ಕುರ್ಚಿ, ಮೈಕ್ ಸೆಟ್ಟು, ಜನರೇಟರ್. ಹೆಸರು?
‘ಹೆಸರೂ ಹೊಕ್ಕೈತ್ರಿ.’
‘ಆ ಊರಿನವ್ರು ಬ್ಯಾಡಂದ್ರ?’
‘ಯಾಕ್ ಅಂತಾರ್ರಿ? ಊರಿನವ್ರು ಬಂದ್ರ ಪಾಸ್ ಕೊಡ್ತೀವಲ್ಲ.’