ಸೇಂಟ್ ಆಂಡ್ರೂಸ್‌ನ ಕಲ್ಲುಗೋಡೆ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಓಲ್ಡ್ ಕೋರ್ಸಿಗೆ ಸಾಮಾನ್ಯವಾಗಿ ಭಾನುವಾರ ರಜೆ. ಆವತ್ತು ಗಾಲ್ಫ್ ಇಲ್ಲ. ಊರವರು ನಾಯಿ ಹಿಡಿದುಕೊಂಡು, ಮಕ್ಕಳನ್ನು ಕರೆದುಕೊಂಡು ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ಮಗಳ ಮನೆಗೆಂದು ಹೋಗಿದ್ದ ನಾನೂ ಅಡ್ಡಾಡಿದೆ. ನಾನು ಆಡುವವನಲ್ಲ. ಪುಣೆಯಲ್ಲಿ ನಕ್ಷೆ ಬರೆದೇ ಹೊಟ್ಟೆ ಹೊರೆದವನು. ಅದರಲ್ಲಿ ಮೂರು ಗಾಲ್ಫ್ ಮೈದಾನಗಳೂ ಇದ್ದವು.

ನೇರ ಹದಿನೇಳನೇ ಹೋಲಿಗೆ ಹೋದೆ. ಇಲ್ಲಿ ಮೊದಲ ಹೊಡೆತವನ್ನು ಹೋಟೆಲಿನ ಶೆಡ್ಡಿನ ಮೇಲಿಂದ ಹಾರಿಸಬೇಕು. ಚೆಂಡು ಬೀಳುವ ಜಾಗ ಕಣ್ಣಿಗೇ ಕಾಣದು. ಹಿಂದೆ ಅಲ್ಲಿ ರೈಲ್ವೆ ಶೆಡ್ಡುಗಳಿದ್ದವಂತೆ. ಅವನ್ನು ಕೆಡವಿದ ಮೇಲೂ ಅದೇ ಆಕಾರದ್ದನ್ನು ಮತ್ತೆ ಎಬ್ಬಿಸಿದ್ದಾರೆ, ಅಡ್ಡಿ ತಪ್ಪದಿರಲಿ ಎಂದು! ಗ್ರೀನಿನ ಹಿಂದೆ ರಸ್ತೆ, ಅದರಾಚೆ ಕಲ್ಲಿನ ಗೋಡೆ. ಚೆಂಡು ರಸ್ತೆಗೆ ಬಿದ್ದರೆ ಅಲ್ಲಿಂದಲೇ ಹೊಡೆಯಬೇಕು. ಮುಂದುಗಡೆ ಬಾವಿಯಂಥ ಬಂಕರ್. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಾಕಾಜಿಮಾ, ಗ್ರೀನಿನ ಮೇಲಿದ್ದ ಚೆಂಡನ್ನು ತಾನೇ ಇದರೊಳಕ್ಕೆ ಉರುಳಿಸಿಕೊಂಡು, ಹೊರಗೆ ತೆಗೆಯಲು ನಾಲ್ಕು ಹೊಡೆತ ಖರ್ಚು ಮಾಡಿದ. ನಾಲ್ಕರಲ್ಲಿ ಮುಗಿಯಬೇಕಾದ ಹೋಲು ಒಂಬತ್ತಾಯಿತು. ಜನ ಇದನ್ನು ಇಂದಿಗೂ ಪುರಾಣದಂತೆ ಹೇಳುತ್ತಾರೆ.

ಪುಣೆ ಹತ್ತಿರದ ಒಂದು ಜಮೀನಿನಲ್ಲಿ ಹಳೇ ಕಲ್ಲುಗೋಡೆಯೊಂದಿತ್ತು. ಅದನ್ನು ಉಳಿಸಿಕೊಂಡು, ಗ್ರೀನಿನ ಪಕ್ಕಕ್ಕೇ ಬರುವಂತೆ ಒಂದು ಹೋಲು ಬರೆದಿದ್ದೆ. ಹೊಡೆತ ದಿಬ್ಬದ ಮರೆಯಿಂದ. ಗುರಿ ಕಾಣದೆ ಹೊಡೆಯುವುದು ಅನ್ಯಾಯ, ಗೋಡೆ ಅಪಾಯ ಎಂದರು ಮಾಲೀಕರು. ಅವರ ಕುರ್ಚಿಯ ಹಿಂದೆ ಇದೇ ಹದಿನೇಳನೇ ಹೋಲಿನ ಫೋಟೊ ತೂಗುತ್ತಿತ್ತು. ಬೆರಳು ಮಾಡಿ ತೋರಿಸಿದೆ. "ಅದು ಸೇಂಟ್ ಆಂಡ್ರೂಸ್" ಎಂದರು. ಮುಂದಿನ ವಾರ ಜೆಸಿಬಿ ಬಂತು.

ನನ್ನಂಥವನ ಮಾತಿರಲಿ, ಪೀಟ್ ಡೈ ಅವರಿಗೂ ಇದು ತಪ್ಪಲಿಲ್ಲ. 1963ರಲ್ಲಿ ಸ್ಕಾಟ್ಲೆಂಡ್ ಸುತ್ತಿ ಕಲಿತು ಬಂದವರು ಅವರು. ಫ್ಲಾರಿಡಾದ ಸಾಗ್ರಾಸ್‌ನಲ್ಲಿ ಅವರು ಕಟ್ಟಿದ ಮೈದಾನದ ಮೇಲೆ 1982ರಲ್ಲಿ ಆಟಗಾರರು ಹರಿಹಾಯ್ದರು. ಗ್ರೀನುಗಳ ಉಬ್ಬುತಗ್ಗು ತಗ್ಗಿಸಬೇಕಾಯಿತು. ಈಗ ಅದೂ ಹಳತಾಗಿದೆ. ನೀರಿನ ನಡುವಿನ ಅದರ ಹದಿನೇಳನೇ ಹೋಲನ್ನು ನೋಡಲೆಂದೇ ಜನ ಮುಗಿಬೀಳುತ್ತಾರೆ.

ಓಲ್ಡ್ ಕೋರ್ಸನ್ನು ಯಾರೊಬ್ಬರೂ ಕೂತು ಬರೆದದ್ದಲ್ಲ, ಗಾಳಿ ಮರಳೇ ಮಾಡಿದ್ದು, ಬೈಯುವುದು ಯಾರನ್ನು ಎನ್ನಬಹುದು. ಸರಿ. ಆದರೆ ಆ ಶೆಡ್ಡನ್ನು ಗಾಳಿ ಕಟ್ಟಲಿಲ್ಲವಲ್ಲ?

ಒಬ್ಬ ಹುಡುಗ ಗೋಡೆ ಹತ್ತಿ ಕೂತು ಐಸ್‌ಕ್ರೀಂ ತಿನ್ನುತ್ತಿದ್ದ. ನಾನು ಕೈ ಚಾಚಿ ಎತ್ತರ ಅಳೆದೆ. ನಮ್ಮದು ಇದಕ್ಕಿಂತ ಗಿಡ್ಡಗಿತ್ತು.